ಹಳೆಯ ಆಕ್ಸಲ್ ನಟ್ಟನ್ನು ಮತ್ತೆ ಬಿಗಿಯುವ ಸಲಹೆ ಸರಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುರವಣಿಯಲ್ಲಿ ಚಕ್ರದ ಬೇರಿಂಗ್ ಬದಲಿಸುವ ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾರಿನ ಸುದ್ದಿಯೆಂದರೆ ಹೊಸ ಮಾದರಿಯ ಬಣ್ಣ, ಬೆಲೆ, ಮೈಲೇಜುಗಳಿಗೇ ಮುಗಿದುಹೋಗುವ ದಿನಗಳಲ್ಲಿ ಹಬ್ಬಿನ, ಅಂದರೆ ಚಕ್ರವನ್ನು ಕೂರಿಸುವ ನಡುಭಾಗದ, ಒಳಗೆ ಏನಿರುತ್ತದೆ ಎಂದು ಕನ್ನಡದಲ್ಲಿ ತಿಳಿಸಹೊರಟಿದ್ದು ಮೆಚ್ಚತಕ್ಕ ಕೆಲಸ. ಆದರೆ ಲೇಖನದ ಕೊನೆಗೆ, ಸ್ಪೋರ್ಟ್ಸ್ ಕಾರುಗಳ ಬಿಡಿಭಾಗಗಳು ದುಬಾರಿಯಾದ ಕಾರಣ ಥ್ರೆಡ್ (ನಟ್ಟಿನೊಳಗಿನ ಸುರುಳಿ ಏಣು) ಚೆನ್ನಾಗಿದ್ದರೆ ಹಳೆಯ ಆಕ್ಸಲ್ ನಟ್ಟನ್ನೇ ಮತ್ತೆ ಹಾಕಿ ಬಿಗಿಯಬಹುದೆಂಬ ಅರ್ಥದ ಮಾತೊಂದು ಬಂದಿದೆ. ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಐಟಿಐ ಬೋಧಕನಾಗಿದ್ದು ನಿವೃತ್ತನಾಗಿರುವ ನನಗೆ ಈ ಒಂದು ಸಾಲನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಗ್ಯಾರೇಜುಗಳಲ್ಲಿ ಈ ಮಾತು ಬಾಯಿಂದ ಬಾಯಿಗೆ ಹೋಗುತ್ತಲೇ ಇರುತ್ತದೆ. ಪತ್ರಿಕೆಯಲ್ಲಿ ಅಚ್ಚಾದರೆ ಅದಕ್ಕೆ ಬೇರೆಯದೇ ತೂಕ ಬರುತ್ತದೆ.

ಆಕ್ಸಲ್ ನಟ್ಟನ್ನು ಚಕ್ರ ಕಳಚಿ ಬೀಳದಂತೆ ಹಿಡಿಯುವ ಒಂದು ದೊಡ್ಡ ನಟ್ಟು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಚಕ್ರವನ್ನು ಹಬ್ಬಿಗೆ ಹಿಡಿದಿಡುವುದು ಹೊರಗೆ ಕಾಣುವ ನಾಲ್ಕೈದು ಬೋಲ್ಟುಗಳು. ಹಬ್ಬಿನ ನಡುವೆ ಒಂಟಿಯಾಗಿರುವ ಆಕ್ಸಲ್ ನಟ್ಟಿನ ಮುಖ್ಯ ಕೆಲಸ ಬೇರಿಂಗಿಗೆ ಸಂಬಂಧಿಸಿದ್ದು. ಇಂದಿನ ಬಹುಪಾಲು ಕಾರುಗಳ ಚಕ್ರದಲ್ಲಿರುವುದು ಎರಡು ಸಾಲು ಗುಂಡುಗಳ ಬೇರಿಂಗ್. ಅದರ ಹೊರ ಉಂಗುರ ಒಂದೇ ಆಗಿರುತ್ತದೆ, ಒಳ ಉಂಗುರಗಳು ಮಾತ್ರ ಎರಡು. ಪೆಟ್ಟಿಗೆಯಿಂದ ತೆಗೆದಾಗ ಈ ಎರಡು ಒಳ ಉಂಗುರಗಳ ನಡುವೆ ಕೂದಲೆಳೆಯಷ್ಟು ಸಡಿಲವಿರುವುದು ದೋಷವಲ್ಲ. ಹಬ್ಬು ಮತ್ತು ಡ್ರೈವ್ ಶಾಫ್ಟು (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ದಂಡ) ಸೇರಿ ನಟ್ಟು ನಿಗದಿತ ಬಿಗಿತಕ್ಕೆ ಬಂದಾಗ ಉಂಗುರಗಳೆರಡೂ ಒಂದಕ್ಕೊಂದು ಒತ್ತಿಕೊಂಡು, ಆ ಸಡಿಲ ಹೋಗಿ, ಗುಂಡುಗಳ ಮೇಲೆ ಹಗುರವಾದ ಒಂದು ಪೂರ್ವಒತ್ತಡ ಬೀಳುವಂತೆ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಅದನ್ನು ಉಜ್ಜಿರುತ್ತಾರೆ. ಅಂದರೆ ಬೇರಿಂಗನ್ನು ತಯಾರಿಸುವ ಕೊನೆಯ ಹಂತ ನಡೆಯುವುದು ಗ್ಯಾರೇಜಿನಲ್ಲಿ, ಆ ನಟ್ಟಿನ ಮೂಲಕ. ನಟ್ಟು ಕಡಿಮೆ ಬಿಗಿಯಾದರೆ ಭಾರವೆಲ್ಲ ಕೆಲವೇ ಗುಂಡುಗಳ ಮೇಲೆ ಬೀಳುತ್ತದೆ, ಒಳ ಉಂಗುರ ಹಬ್ಬಿನ ಮೇಲೆ ನಿಧಾನವಾಗಿ ಜಾರತೊಡಗುತ್ತದೆ, ಲೋಹ ಲೋಹವನ್ನು ಉಜ್ಜಿ ಕೆಂಪು ಪುಡಿಯಾಗುತ್ತದೆ, ಉಜ್ಜಿ ಸವೆದಷ್ಟೂ ನಟ್ಟಿನ ಬಿಗಿತ ಇನ್ನಷ್ಟು ಇಳಿಯುತ್ತದೆ.

ನಮ್ಮೂರಿನ ರಸ್ತೆಗಳಲ್ಲೂ ಕಾಣಸಿಗುವ ಪೋರ್ಷೆ ಕಂಪನಿಯ ಸ್ಪೋರ್ಟ್ಸ್ ಕಾರು ಬಾಕ್ಸ್‌ಸ್ಟರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 1996ರಲ್ಲಿ ಬಂದ ಅದರ ಮೊದಲ ಪೀಳಿಗೆಯ ಕಾರಿನಲ್ಲಿ ಎಂಜಿನ್ ಇರುವುದು ಸೀಟುಗಳ ಹಿಂದೆ, ಹಿಂಚಕ್ರಗಳ ಮುಂದೆ, ಓಡಿಸುವುದೂ ಹಿಂಚಕ್ರಗಳೇ. ಈ ಕಾರಿನ ಚಕ್ರದ ಬೋಲ್ಟುಗಳಿಗೆ ಹೇಳಿರುವ ಬಿಗಿತ 130 ನ್ಯೂಟನ್ ಮೀಟರ್, ಹಿಂಬದಿಯ ಆಕ್ಸಲ್ ನಟ್ಟಿಗೆ ಹೇಳಿರುವುದು 460. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 47 ಕಿಲೋ ಭಾರ ತೂಗಿಬಿಟ್ಟಷ್ಟು ತಿರುಚುಬಲ ಅದು. ಅಷ್ಟು ಬಲವನ್ನು ಒಂದು ನಟ್ಟಿನಿಂದ ಕೇಳುತ್ತಾರೆಂದರೆ ಅದಕ್ಕೆ ಕಾರಣವಿರಲೇಬೇಕು. ಅಗಲವಾದ ಟೈರು, ತಿರುವಿನಲ್ಲಿ ಚಕ್ರವನ್ನು ಅಡ್ಡಕ್ಕೆ ಮುರಿಯುವಂತೆ ಬರುವ ಬಲ, ಬ್ರೇಕಿನ ಕಾವು, ಎಂಜಿನ್ನಿನ ಎಳೆತ ಎಲ್ಲವೂ ಆ ಎರಡು ಉಂಗುರಗಳನ್ನು ಒಂದರಿಂದೊಂದು ಬಿಡಿಸಲು ನೋಡುತ್ತವೆ. ಸಂಸಾರ ಸಾಗಿಸುವ ಕಾರಿನಲ್ಲಿ ಹೇಗೋ ನಡೆದುಹೋಗುವ ಸಡಿಲ ಇಂಥ ಕಾರಿನಲ್ಲಿ ನಡೆಯುವುದಿಲ್ಲ.

ಲೇಖಕರು ಬೇರಿಂಗ್ ಬಿಚ್ಚಿ ಕೂರಿಸುವ ಕ್ರಮವನ್ನು ಒಂದೇ ಪ್ಯಾರಾದಲ್ಲಿ ದಾಟಿಸಿದ್ದಾರೆ. ನನ್ನ ಅನುಭವದಲ್ಲಿ ಹೊಸ ಬೇರಿಂಗುಗಳು ರಸ್ತೆಗಿಳಿಯುವ ಮೊದಲೇ ಸಾಯುವುದು ಇಲ್ಲಿಯೇ. ಹಬ್ಬನ್ನು ಹೊರಕ್ಕೆ ತಳ್ಳಿದಾಗ ಹಳೆಯ ಬೇರಿಂಗಿನ ಹೊರಗಡೆಯ ಒಳ ಉಂಗುರ ಹಬ್ಬಿಗೇ ಅಂಟಿಕೊಂಡು ಬರುತ್ತದೆ, ಗುಂಡುಗಳು ಬಿಡಿಬಿಡಿಯಾಗುತ್ತವೆ. ಹೀಗೆ ಬಿಚ್ಚಿದ ಬೇರಿಂಗನ್ನು ಮತ್ತೆ ಜೋಡಿಸುವ ಮಾತೇ ಇಲ್ಲ. ಹಬ್ಬಿಗೆ ಅಂಟಿದ ಉಂಗುರವನ್ನು ಪುಲ್ಲರ್ ಎಂಬ ಎಳೆಯುವ ಸಲಕರಣೆ ಹಾಕಿ ತೆಗೆಯಬೇಕು. ಉಳಿ ಹಿಡಿದು ಬಡಿದು ತೆಗೆಯುವವರು ಹಬ್ಬಿನ ಮೈಮೇಲೆ ಗಾಯ ಮಾಡುತ್ತಾರೆ, ಆ ಗಾಯದ ದಡ ಮುಂದೆ ಹೊಸ ಉಂಗುರ ನೇರವಾಗಿ ಕೂರಲು ಬಿಡುವುದಿಲ್ಲ. ಹೊಸ ಬೇರಿಂಗನ್ನು ಚಕ್ರದ ಹಿಡಿಕೆಗೆ, ಅಂದರೆ ನಮ್ಮ ಮೆಕ್ಯಾನಿಕ್ಕುಗಳು ನಕಲ್ ಎನ್ನುವ ಭಾಗಕ್ಕೆ, ಒತ್ತುವಾಗ ಬಲ ಹೊರ ಉಂಗುರದ ಮೇಲಷ್ಟೇ ಬೀಳಬೇಕು. ಬಾಕ್ಸ್‌ಸ್ಟರಿನಲ್ಲಿ ಈ ಹಿಡಿಕೆ ಅಲ್ಯೂಮಿನಿಯಂನದು. ಆದ್ದರಿಂದ ಅದನ್ನು ಹದವಾಗಿ ಬಿಸಿ ಮಾಡಿ, ಬೇರಿಂಗನ್ನು ತಣ್ಣಗಿಟ್ಟು ಕೂರಿಸಿದರೆ ಒತ್ತುವ ಯಂತ್ರಕ್ಕೆ, ಅಂದರೆ ಪ್ರೆಸ್ಸಿಗೆ, ಕೆಲಸ ಹಗುರ. ನಂತರ ಹಬ್ಬನ್ನು ತೂರಿಸುವಾಗ ಒಳ ಉಂಗುರಕ್ಕೆ ಕೆಳಗಿನಿಂದ ಆಸರೆ ಕೊಡಬೇಕು. ಈ ಕ್ರಮ ಅದಲುಬದಲಾದರೆ ಪ್ರೆಸ್ಸಿನ ಟನ್ನುಗಟ್ಟಲೆ ಬಲವೆಲ್ಲ ಗುಂಡುಗಳ ಮೂಲಕ ಹಾದು, ಅವು ಓಡುವ ಹಾದಿಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಬಿಡುತ್ತದೆ. ಕಾರು ಗ್ಯಾರೇಜಿನಿಂದ ಹೊರಟಾಗ ಸದ್ದಿರುವುದಿಲ್ಲ. ಕೆಲವು ಸಾವಿರ ಕಿಲೋಮೀಟರಿನ ನಂತರ ಹಳೆಯ ಗುಂಯ್‌ಗುಡುವಿಕೆ ಮರಳಿ ಬರುತ್ತದೆ, ಮಾಲೀಕರು ಬೇರಿಂಗ್ ಕಂಪನಿಯನ್ನು ಬೈಯುತ್ತಾರೆ.

ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದನ್ನು ತಿರುಗಾಮುರುಗಾ ಕೂರಿಸಿದರೆ ಡ್ಯಾಶ್‌ಬೋರ್ಡಿನ ದೀಪ ಆರುವುದೇ ಇಲ್ಲ ಎಂಬುದನ್ನೂ ಇಲ್ಲಿಯೇ ಸೇರಿಸಿಬಿಡುತ್ತೇನೆ.

ಇಷ್ಟೆಲ್ಲ ನಾಜೂಕಿನಿಂದ ಕೂರಿಸಿದ ಬೇರಿಂಗಿಗೆ ಹಳೆಯ ನಟ್ಟು ಏಕೆ ಸಲ್ಲದು ಎಂಬ ಪ್ರಶ್ನೆಗೆ ಬರುತ್ತೇನೆ. ಬಿಗಿಯುವಾಗ ತಿರುಚುಬಲ ಅಳೆಯುವ ಟಾರ್ಕ್ ರೆಂಚ್ ತೋರಿಸುವ ಅಂಕಿ ನಟ್ಟಿನ ಹಿಡಿತದ ಅಂಕಿಯಲ್ಲ, ಅದು ನಟ್ಟನ್ನು ತಿರುಗಿಸಲು ಬೇಕಾದ ಬಲದ ಅಂಕಿ. ಸಾಮಾನ್ಯವಾಗಿ ಆ ಬಲದ ಅರ್ಧದಷ್ಟು ನಟ್ಟಿನ ತಳಕ್ಕೂ ಅದು ಕೂರುವ ಜಾಗಕ್ಕೂ ನಡುವಿನ ತಿಕ್ಕಾಟಕ್ಕೆ ಹೋಗುತ್ತದೆ, ನೂರರಲ್ಲಿ ಇನ್ನು ಸುಮಾರು 40 ಪಾಲು ಥ್ರೆಡ್ಡಿನ ತಿಕ್ಕಾಟಕ್ಕೆ. ಉಳಿದ 10 ಪಾಲಷ್ಟೇ ಶಾಫ್ಟನ್ನು ಎಳೆದು ಉಂಗುರಗಳನ್ನು ಒತ್ತಿ ಹಿಡಿಯುವ ನಿಜವಾದ ಕೆಲಸ ಮಾಡುತ್ತದೆ. ಒಮ್ಮೆ 460ರವರೆಗೆ ಬಿಗಿದು, ವರ್ಷಾನುಗಟ್ಟಲೆ ಕೆಸರು ನೀರಿನಲ್ಲಿ ಓಡಿ, ಮತ್ತೆ ಇನ್ನೂ ಹೆಚ್ಚು ಬಲ ಹಾಕಿ ಬಿಚ್ಚಿದ ನಟ್ಟಿನ ತಳ ಉಜ್ಜಿ ಒರಟಾಗಿರುತ್ತದೆ, ಥ್ರೆಡ್ಡಿನ ಅಂಚು ಹರಿದಿರುತ್ತದೆ. ಈಗ ತಿಕ್ಕಾಟ ಅಲ್ಪಸ್ವಲ್ಪ ಏರಿದರೂ ಆ 10 ಪಾಲಿಗೇ ಕತ್ತರಿ ಬೀಳುತ್ತದೆ. ರೆಂಚು ಟಕ್ಕೆಂದು 460 ಆಯಿತೆಂದು ಹೇಳಿರುತ್ತದೆ, ಬೇರಿಂಗಿಗೆ ಸಿಕ್ಕ ಹಿಡಿತ ಮಾತ್ರ ಬಹಳ ಕಡಿಮೆಯಾಗಿರಬಹುದು. ಹೊರಗಿನಿಂದ ನೋಡಿ ಇದನ್ನು ಹೇಳಲು ಯಾರಿಂದಲೂ ಆಗದು. ಥ್ರೆಡ್ ಚೆನ್ನಾಗಿದ್ದರೆ ಸಾಕು ಎಂಬ ಸಲಹೆಯಲ್ಲಿರುವ ತೊಡಕು ಇದೇ: ಚೆನ್ನಾಗಿದೆಯೆಂದು ಕಣ್ಣು ಹೇಳುವುದು ಒಂದು, ತಿಕ್ಕಾಟ ಹೇಳುವುದು ಇನ್ನೊಂದು.

ಎರಡನೆಯ ಕಾರಣ, ನಟ್ಟು ತಾನಾಗಿ ಸಡಿಲಗೊಳ್ಳದಂತೆ ಮಾಡಿರುವ ಏರ್ಪಾಡು. ಇದು ಕಾರಿನಿಂದ ಕಾರಿಗೆ ಬೇರೆ. ಮಾಜ್ದಾ ಕಂಪನಿಯ ಸ್ಪೋರ್ಟ್ಸ್ ಕಾರು ಎಂಎಕ್ಸ್-5 ನಮ್ಮ ದೇಶದ ಶೋರೂಮುಗಳಲ್ಲಿ ಮಾರಾಟವಾದ ಕಾರಲ್ಲವಾದರೂ, ನಿಮ್ಮ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುವ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದ ಕನ್ನಡಿಗರಿಗೆ ಚಿರಪರಿಚಿತ. 1989ರಲ್ಲಿ ಹುಟ್ಟಿ, 2016ರಲ್ಲಿ ತಯಾರಾದ ಕಾರುಗಳ ಸಂಖ್ಯೆಯಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿದ ಈ ಪುಟ್ಟ ಕಾರಿನ ಮಾಲೀಕರಲ್ಲಿ ಮನೆಯಂಗಳದಲ್ಲೇ ಸ್ವತಃ ಸ್ಪ್ಯಾನರ್ ಹಿಡಿಯುವವರು ಬಹಳ. ಅದರ ಆರಂಭದ ಮಾದರಿಗಳಲ್ಲಿ ಮುಂದಿನ ಹಬ್ಬಿನ ನಟ್ಟಿಗೆ 167ರಿಂದ 216 ನ್ಯೂಟನ್ ಮೀಟರ್, ಹಿಂದಿನದಕ್ಕೆ ಅದಕ್ಕಿಂತ ಹೆಚ್ಚು ಬಿಗಿತ ಹೇಳಿದೆ. ನಟ್ಟಿನ ತುದಿಯಲ್ಲಿ ತೆಳುವಾದ ಒಂದು ಕಾಲರ್ ಇದ್ದು, ಬಿಗಿದ ಮೇಲೆ ಅದನ್ನು ಪಂಚು, ಸುತ್ತಿಗೆಗಳಿಂದ ಶಾಫ್ಟಿನ ಮೇಲಿನ ತೋಡಿನೊಳಕ್ಕೆ ತಗ್ಗಿಸಿಬಿಡಬೇಕು. ಬಿಚ್ಚುವಾಗ ಈ ತಗ್ಗನ್ನು ಉಳಿಯಿಂದ ಮೊದಲು ಮೇಲೆತ್ತದೆ ಹಾಗೆಯೇ ತಿರುಗಿಸಿದರೆ ಶಾಫ್ಟಿನ ಥ್ರೆಡ್ಡಿಗೇ ಹಾನಿ. ಹಾಗೆ ಎತ್ತಿದ ಕಾಲರನ್ನು ಮತ್ತೊಮ್ಮೆ ತಗ್ಗಿಸಿದರೆ ಲೋಹ ಬಿರುಕು ಬಿಡುತ್ತದೆ. ನಟ್ಟು ಈ ಸಲ ಬೇರೆ ಕೋನದಲ್ಲಿ ನಿಂತಿದೆ, ಕಾಲರಿನ ಹೊಸ ಜಾಗ ಸಿಕ್ಕಿದೆ, ಆದ್ದರಿಂದ ಪರವಾಗಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಕೊಂಚ ಹುರುಳಿದೆ ಎಂದು ಒಪ್ಪುತ್ತೇನೆ, ಆದರೆ ಮೇಲೆ ಹೇಳಿದ ತಿಕ್ಕಾಟದ ಲೆಕ್ಕಕ್ಕೆ ಅದರಲ್ಲಿ ಉತ್ತರವಿಲ್ಲ.

ಕೆಲವು ನಟ್ಟುಗಳ ಥ್ರೆಡ್ಡನ್ನು ತಯಾರಿಕೆಯಲ್ಲೇ ಸ್ವಲ್ಪ ಅದುಮಿ ಸೊಟ್ಟ ಮಾಡಿರುತ್ತಾರೆ, ಇನ್ನು ಕೆಲವಕ್ಕೆ ನೈಲಾನ್ ಉಂಗುರವಿರುತ್ತದೆ. ಎರಡರ ಹಿಡಿತವೂ ಪ್ರತಿ ಸಲ ಹಾಕಿ ತೆಗೆದಾಗ ಕುಗ್ಗುತ್ತದೆ. ಹಳೆಯ ನಟ್ಟು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಹೋದರೆ ಅದರ ಬೀಗ ಸತ್ತಿದೆ ಎಂದರ್ಥ. ಮೊದಲು ಇಂತಿಷ್ಟು ಟಾರ್ಕ್, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಎಂದು ಹೇಳಿರುವ ಬೋಲ್ಟುಗಳಂತೂ ಹಿಗ್ಗಿ ಕೆಲಸ ಮಾಡುವಂಥವು, ಅವುಗಳ ಮರುಬಳಕೆಯನ್ನು ಚರ್ಚಿಸುವುದೇ ಬೇಡ.

ಎಲ್ಲ ನಟ್ಟುಗಳನ್ನೂ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಹಳೆಯ ಜೀಪುಗಳ ಮುಂಚಕ್ರದಲ್ಲಿ ಮೊನಚು ರೋಲರಿನ ಬೇರಿಂಗ್‌ಗಳಿದ್ದವು. ಅಲ್ಲಿ ಚಕ್ರವನ್ನು ತಿರುಗಿಸುತ್ತ ನಟ್ಟು ಬಿಗಿದು, ಮತ್ತೆ ಸ್ವಲ್ಪ ಹಿಂದೆ ಬಿಟ್ಟು ಹದ ನೋಡಿ, ಬೀಗ ಹಾಕುತ್ತಿದ್ದರು. ಆ ನಟ್ಟಿನ ಮೇಲೆ ದೊಡ್ಡ ಬಲವಿರಲಿಲ್ಲ. ಹಾಗೆಯೇ ಸ್ಪ್ಲಿಟ್ ಪಿನ್ ಹಾಕುವ ಕಿರೀಟದಂಥ ನಟ್ಟು ಇರುವ ಕಾರುಗಳಲ್ಲಿ ಕೈಪಿಡಿ ಬೇಡವೆನ್ನದಿದ್ದರೆ, ಥ್ರೆಡ್ಡು, ತಳ ಎರಡೂ ಶುದ್ಧವಾಗಿದ್ದರೆ, ನಟ್ಟನ್ನು ಉಳಿಸಿಕೊಂಡು ಪಿನ್ನನ್ನು ಮಾತ್ರ ಹೊಸದು ಹಾಕುವುದು ತಪ್ಪಲ್ಲ. ನಮ್ಮ ಹಿರಿಯ ಮೇಸ್ತ್ರಿಗಳು ನಟ್ಟನ್ನು ಮತ್ತೆ ಬಳಸುವ ಪಾಠ ಕಲಿತದ್ದು ಇಂಥ ವಾಹನಗಳ ಮೇಲೆ, ಆ ಕಾಲಕ್ಕೆ ಅದು ಸರಿಯಾದ ಪಾಠವೇ ಆಗಿತ್ತು. ಅದನ್ನೇ ಬಾಕ್ಸ್‌ಸ್ಟರಿಗೂ ಎಂಎಕ್ಸ್-5ಕ್ಕೂ ಹೊರಿಸುವುದನ್ನು ನಾನು ಆಕ್ಷೇಪಿಸುತ್ತಿದ್ದೇನೆ.

ಒಬ್ಬ ಪರಿಚಿತರ ಕಾರಿನ ಸಂಗತಿ ಹೇಳುವೆ. ಅವರು ರಜೆಯ ದಿನಗಳಲ್ಲಿ ತಮ್ಮ ಕಾರನ್ನು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ದು ಓಡಿಸುವ ಹವ್ಯಾಸದವರು. ಹಿಂದಿನ ಎಡಚಕ್ರದ ಬೇರಿಂಗ್ ಬದಲಿಸಿದ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು ಶುರುವಾಯಿತು. ಬಿಚ್ಚಿದ ಗ್ಯಾರೇಜಿನವರು ಬೇರಿಂಗ್ ನಕಲಿ ಎಂದರು, ಅಂಗಡಿಯವರು ಕೂರಿಸಿದ್ದು ಸರಿಯಿಲ್ಲ ಎಂದರು. ನಾನು ನೋಡಿದಾಗ ನಟ್ಟಿನ ತಳದಲ್ಲಿ ಹಳೆಯ ಬಿಗಿತದ ಉಜ್ಜುಗಾಯದ ಮೇಲೆ ಹೊಸ ಉಜ್ಜುಗಾಯ ಕೂತಿತ್ತು, ಒಳ ಉಂಗುರದ ಒಳಮೈಯಲ್ಲಿ ಕೆಂಪು ಪುಡಿ ಇತ್ತು. ಬೇರಿಂಗ್ ಅಸಲಿಯೇ ಆಗಿತ್ತು. ನಕಲಿ ಬೇರಿಂಗುಗಳ ಹಾವಳಿ ಇರುವುದು ನಿಜ, ಹಾಗೆಂದು ಪ್ರತಿ ವೈಫಲ್ಯವನ್ನೂ ಅದರ ತಲೆಗೆ ಕಟ್ಟಿದರೆ ನಟ್ಟಿನ ತಪ್ಪು ಯಾವತ್ತೂ ಬೆಳಕಿಗೆ ಬರುವುದಿಲ್ಲ.

ಗ್ಯಾರೇಜಿನವರು ಹಳೆಯ ನಟ್ಟಿಗೆ ಏಕೆ ಕೈಹಾಕುತ್ತಾರೆಂಬುದೂ ಗೊತ್ತಿರುವ ವಿಷಯ. ಇಡೀ ಕೆಲಸದ ಬಿಲ್ಲಿನ ಮುಂದೆ ನಟ್ಟಿನ ಬೆಲೆ ಲೆಕ್ಕಕ್ಕೆ ಬರುವಂಥದ್ದಲ್ಲ. ತೊಂದರೆ ಇರುವುದು ಅದು ಸಿಗುವುದರಲ್ಲಿ. ಬೇರಿಂಗನ್ನು ಅದರ ನಂಬರು ಹೇಳಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತರಬಹುದು, ಆದರೆ ವಿದೇಶಿ ಸ್ಪೋರ್ಟ್ಸ್ ಕಾರಿನ ನಟ್ಟಿಗೆ ಆರ್ಡರ್ ಕೊಟ್ಟು ಕಾಯಬೇಕು. ಅಷ್ಟು ದಿನ ಕಾರು ಲಿಫ್ಟಿನ ಮೇಲಿದ್ದರೆ ಬೇರೆ ಕೆಲಸ ನಿಲ್ಲುತ್ತದೆ, ಮಾಲೀಕರು ದಿನಕ್ಕೆರಡು ಸಲ ಫೋನ್ ಮಾಡುತ್ತಾರೆ. ಆಗ ಹಳೆಯದನ್ನೇ ಬ್ರಷ್ ಹಾಕಿ ಉಜ್ಜಿ ಬಿಗಿಯುತ್ತಾರೆ, ಇಲ್ಲವೆ ಥ್ರೆಡ್ ಹೊಂದುತ್ತದೆಂದು ಬೇರೆ ಯಾವುದೋ ವಾಹನದ ನಟ್ಟನ್ನು ತಂದು ಹಾಕುತ್ತಾರೆ. ಇದು ಇನ್ನೂ ಕೆಟ್ಟದ್ದು. ಥ್ರೆಡ್ ಒಂದೇ ಆದ ಮಾತ್ರಕ್ಕೆ ಉಕ್ಕಿನ ದರ್ಜೆ, ತಳದ ಅಗಲ, ಎತ್ತರ ಒಂದೇ ಆಗಿರಬೇಕೆಂದಿಲ್ಲ. ಇದಕ್ಕೆ ಪರಿಹಾರ ಬಹಳ ಸರಳ: ಬೇರಿಂಗಿಗೆ ಆರ್ಡರ್ ಕೊಡುವ ದಿನವೇ ನಟ್ಟಿಗೂ ಕೊಡಬೇಕು, ಎರಡೂ ಕೈಸೇರುವವರೆಗೆ ಕಾರನ್ನು ಬಿಚ್ಚಕೂಡದು. ಹಳೆಯ ನಟ್ಟಿಗೂ ಒಂದು ಕೆಲಸವಿದೆ. ಡ್ರೈವ್ ಶಾಫ್ಟನ್ನು ಹಬ್ಬಿನೊಳಕ್ಕೆ ಎಳೆದು ಕೂರಿಸಲು ಅದನ್ನು ಬಳಸಿ, ಆಮೇಲೆ ತೆಗೆದು, ಕೊನೆಯ ಬಿಗಿತಕ್ಕೆ ಹೊಸದನ್ನು ಹಾಕಿದರೆ ಹೊಸ ನಟ್ಟು ಅನವಶ್ಯಕವಾಗಿ ಸವೆಯುವುದು ತಪ್ಪುತ್ತದೆ.

ಬಿಗಿಯುವ ಸಲಕರಣೆಯ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇರಲಿಲ್ಲ. ಸಾಧಾರಣ ಗ್ಯಾರೇಜಿನಲ್ಲಿರುವ ಅರ್ಧ ಇಂಚಿನ ಟಾರ್ಕ್ ರೆಂಚುಗಳಲ್ಲಿ ಹೆಚ್ಚಿನವು 200 ನ್ಯೂಟನ್ ಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತವೆ. 460 ಮುಟ್ಟಲು ಮುಕ್ಕಾಲು ಇಂಚಿನ ದೊಡ್ಡ ರೆಂಚು ಬೇಕು. ಲಾರಿ ರಿಪೇರಿ ಮಾಡುವವರಲ್ಲಿ ಅದು ಸಿಗುತ್ತದೆ. ಕೋಟಿ ಬೆಲೆಯ ಕಾರಿಗೆ ಲಾರಿ ಗ್ಯಾರೇಜಿನಿಂದ ರೆಂಚು ಎರವಲು ತರುವುದರಲ್ಲಿ ಅವಮಾನವೇನಿಲ್ಲ. ಅದರ ಬದಲು ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಗಾಳಿಗನ್ನಿನಿಂದ ಬಡಿದು, ಪೈಪು ಸಿಕ್ಕಿಸಿ ಒಬ್ಬರು ಮೇಲೆ ನಿಂತು, ಇಷ್ಟು ಸಾಕು ಎಂದು ಅಂದಾಜಿನಲ್ಲಿ ಬಿಡುವುದು ರೂಢಿಯಾಗಿದೆ. ಬಿಗಿಯಲು ಗನ್ನು ಬಳಸಬಾರದೆಂದು ಬೇರಿಂಗ್ ತಯಾರಕರೇ ಹೇಳುತ್ತಾರೆ: ಅದರ ಬಡಿತ ಗುಂಡುಗಳಿಗೂ ತಾಕುತ್ತದೆ, ಬಿಗಿತವೂ ಅಳತೆಗೆ ಸಿಗುವುದಿಲ್ಲ. ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕೋ ಒಣಗಿದ್ದಂತೆಯೇ ಬಿಗಿಯಬೇಕೋ ಎಂಬುದನ್ನೂ ಆಯಾ ಕಾರಿನ ಕೈಪಿಡಿ ನೋಡಿಯೇ ತೀರ್ಮಾನಿಸಬೇಕು, ಏಕೆಂದರೆ ಎಣ್ಣೆ ಬಿದ್ದರೆ ಆಗಲೇ ಹೇಳಿದ ತಿಕ್ಕಾಟದ ಲೆಕ್ಕ ಪೂರ್ತಿ ಬದಲಾಗುತ್ತದೆ. ಇನ್ನೊಂದು ತಪ್ಪು ಬಹಳ ಕಡೆ ಕಾಣುತ್ತದೆ. ನಟ್ಟನ್ನು ಕೈಬಿಗಿಗೆ ಬಿಟ್ಟು ಕಾರನ್ನು ನೆಲಕ್ಕಿಳಿಸಿ, ಟೈರು ನೆಲ ಹಿಡಿದಿರುವಾಗ ಬಿಗಿಯುತ್ತಾರೆ. ಒಳ ಉಂಗುರಗಳು ಇನ್ನೂ ಒತ್ತಿಕೊಂಡಿರದಾಗ ಕಾರಿನ ಭಾರ ಬಿದ್ದರೆ, ಅಥವಾ ಡ್ರೈವ್ ಶಾಫ್ಟ್ ಇಲ್ಲದೆಯೇ ಕಾರನ್ನು ಅತ್ತಿತ್ತ ತಳ್ಳಿದರೆ, ಹೊಸ ಬೇರಿಂಗಿಗೆ ಅಲ್ಲಿಯೇ ಪೆಟ್ಟು. ಚಕ್ರ ಗಾಳಿಯಲ್ಲಿರುವಾಗಲೇ ಒಬ್ಬರು ಬ್ರೇಕ್ ಒತ್ತಿ ಹಿಡಿದು ಇನ್ನೊಬ್ಬರು ಪೂರ್ತಿ ಬಿಗಿಯುವುದು ಸರಿಯಾದ ವಿಧಾನ.

ಬೇರಿಂಗ್ ಹೋಗಿದೆಯೆಂದು ನಿರ್ಧರಿಸುವ ಬಗ್ಗೆಯೂ ಒಂದೆರಡು ಮಾತು. ಅಗಲ ಟೈರಿನ ಕಾರುಗಳಲ್ಲಿ ಟೈರಿನ ಸದ್ದನ್ನೇ ಬೇರಿಂಗಿನ ಸದ್ದೆಂದು ತಿಳಿಯುವುದು ಸಾಮಾನ್ಯ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಅದು ಟೈರಿನದು. ವೇಗದ ಜೊತೆ ಏರುತ್ತ, ಕಾರನ್ನು ಬಲಕ್ಕೆ ತಿರುಗಿಸಿ ಎಡಚಕ್ರಗಳ ಮೇಲೆ ಭಾರ ಬಿದ್ದಾಗ ಹೆಚ್ಚಾದರೆ ಎಡಗಡೆಯ ಬೇರಿಂಗನ್ನು ಶಂಕಿಸಬೇಕು. ಕಾರನ್ನು ಎತ್ತಿ, ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲೆ ಒಂದು ಕೈಯಿಟ್ಟು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದರೆ ಕೆಟ್ಟ ಬೇರಿಂಗಿನ ನಡುಕ ಬೆರಳಿಗೇ ಗೊತ್ತಾಗುತ್ತದೆ. ವಾಟರ್ ಸರ್ವಿಸಿನವರು ಒತ್ತಡದ ನೀರನ್ನು ನೇರವಾಗಿ ಹಬ್ಬಿನ ಸೀಲಿಗೆ ಹಿಡಿಯುವುದು, ಚೆಂದಕ್ಕಾಗಿ ಹಬ್ಬಿಗೂ ಚಕ್ರಕ್ಕೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳುವುದು, ಇವೆರಡೂ ಬೇರಿಂಗಿನ ಆಯುಷ್ಯ ಕಡಿಮೆ ಮಾಡುತ್ತವೆ. ರಸ್ತೆಗುಂಡಿಗಳ ವಿಚಾರವನ್ನು ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಹಳೆಯ ನಟ್ಟು ಹಾಕಿಯೂ ವರ್ಷಗಟ್ಟಲೆ ಏನೂ ಆಗದ ಕಾರುಗಳಿವೆ, ಅವನ್ನು ತೋರಿಸಿ ನನ್ನ ಮಾತನ್ನು ಅತಿಯೆಂದು ಹೇಳುವವರು ಇರಬಹುದು. ಆ ಕಾರುಗಳು ಇರುವುದು ನಿಜ. ನಟ್ಟು ಹಳೆಯದಾದ ಕೂಡಲೇ ಚಕ್ರ ಕಳಚಿ ಓಡಿಹೋಗುತ್ತದೆಂದು ನಾನೂ ಹೆದರಿಸುವುದಿಲ್ಲ. ಬಹುಪಾಲು ಆಗುವುದು ಬೇರಿಂಗ್ ಬೇಗ ಸಾಯುವುದು, ಅದೇ ದುಡ್ಡನ್ನು ಎರಡು ಸಲ ಕೊಡುವುದು. ಆದರೆ ಗಂಟೆಗೆ 150 ಕಿಲೋಮೀಟರಿನಲ್ಲಿ ತಿರುವು ಹಿಡಿಯುವ ಕಾರಿನಲ್ಲಿ ಬೇರಿಂಗ್ ಸಾಯುವ ಕ್ಷಣ ಯಾವುದೆಂದು ಮೊದಲೇ ತಿಳಿಯುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಪುರವಣಿಯಲ್ಲಿ ಆ ಸಾಲಿಗೆ ತಿದ್ದುಪಡಿ ಪ್ರಕಟಿಸಬೇಕು: ತಯಾರಕರ ಕೈಪಿಡಿ ಹೊಸ ನಟ್ಟು ಎಂದು ಹೇಳಿರುವ ಕಾರಿನಲ್ಲಿ ಹಳೆಯದನ್ನು ಬಳಸಬಾರದು, ಬಿಗಿತದ ಅಂಕಿಯನ್ನು ಆಯಾ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಬೇರಿಂಗ್ ಮಾರುವ ಅಂಗಡಿಯವರು ಅದೇ ಪೆಟ್ಟಿಗೆಯಲ್ಲಿ ನಟ್ಟೂ ಬರುವ ಕಿಟ್ ಇದ್ದರೆ ಅದನ್ನೇ ಗಿರಾಕಿಗೆ ಮೊದಲು ತೋರಿಸಲಿ. ಕಾರಿನ ಮಾಲೀಕರು ಬಿಲ್ಲಿನಲ್ಲಿ ಆಕ್ಸಲ್ ನಟ್ಟಿನ ಸಾಲು ಬೇರೆಯಾಗಿ ಇದೆಯೇ ಎಂದು ನೋಡಿ, ಬಿಚ್ಚಿದ ಹಳೆಯ ನಟ್ಟನ್ನು ಕೇಳಿ ಪಡೆಯಲಿ. ಬಿಗಿದಾದ ಮೇಲೆ ನಟ್ಟಿನಿಂದ ಶಾಫ್ಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಲು ಮೆಕ್ಯಾನಿಕ್‌ಗೆ ಹೇಳಲಿ. ಮುಂದಿನ ಸರ್ವಿಸಿನಲ್ಲಿ ಆ ಗೆರೆ ಮುರಿದಿದ್ದರೆ ನಟ್ಟು ಅಲುಗಿದೆಯೆಂದು ಯಾವ ಸಲಕರಣೆಯೂ ಇಲ್ಲದೆ ತಿಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಬೆಂಗಳೂರು